ಸಹಾಯ ಬೇಕು: ಮೊಬೈಲ್ ಪಕ್ಕಕ್ಕಿಟ್ಟು ಸತ್ಯವೇದ ಓದುವುದು ಹೇಗೆ?

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಭಾನುವಾರ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಸತ್ಯವೇದ ಓದುವುದು ಮೊಬೈಲಿನಲ್ಲೇ. ಲೂಕನ ಸುವಾರ್ತೆ ತೆರೆದು ನಾಲ್ಕು ವಚನ ಓದುವಷ್ಟರಲ್ಲಿ ಮೇಲಿಂದ ವಾಟ್ಸಾಪ್ ಮೆಸೇಜ್ ಇಳಿಯುತ್ತದೆ. ನೋಡಿದರೆ ನಮ್ಮ ಚರ್ಚ್ ಗ್ರೂಪಿನದ್ದೇ, ಗುಡ್ ಮಾರ್ನಿಂಗ್ ಹೂವು! ಅಲ್ಲಿಂದ ರೀಲ್ಸ್, ಆಮೇಲೆ ಕ್ರಿಕೆಟ್ ಸ್ಕೋರು. 10ನೇ ಅಧ್ಯಾಯದಲ್ಲಿ ಯೇಸು ಮನೆಗೆ ಬಂದಾಗ ಅವನ ಮಾತು ಕೇಳದೆ ಕೆಲಸದಲ್ಲೇ ಮುಳುಗಿದ್ದ ಮಾರ್ಥಳಿಗಾದರೂ ಮನೆಗೆ ಬಂದವರ ಉಪಚಾರವಿತ್ತು, ನನಗೆ ಆ ನೆಪವೂ ಇಲ್ಲ.

ಈಗ ಗೆಳೆಯರೆಲ್ಲ ಸೇರಿ ವಾರಕ್ಕೊಂದು ಅಧ್ಯಾಯ ಓದೋಣ ಅಂದುಕೊಂಡಿದ್ದೇವೆ. ಲೂಕ 24, ಅಪೊಸ್ತಲರ ಕೃತ್ಯಗಳು 28, ಒಟ್ಟು 52. ಸರಿಯಾಗಿ ಒಂದು ವರ್ಷ, ಅಲ್ವಾ?

ಎರಡು ವಿಷಯ ಬೇಕು. ದೊಡ್ಡ ಅಕ್ಷರದ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಲು ಜಾಗವಿರುವ ಕನ್ನಡ ಸತ್ಯವೇದ ಯಾರ ಹತ್ತಿರವಾದರೂ ಇದೆಯಾ? ಎಲ್ಲಿ ತೆಗೆದುಕೊಂಡಿರಿ? ಇನ್ನೊಂದು, ನಮ್ಮಲ್ಲಿ ಇಬ್ಬರಿಗೆ ರಾತ್ರಿ ಪಾಳಿ. ಬೆಳಗಿನ ಜಾವ ಎದ್ದು ಓದಿ ಅನ್ನುವ ಸಲಹೆ ಅವರಿಗೆ ನಡೆಯುವುದಿಲ್ಲ. ಶಿಫ್ಟ್ ಕೆಲಸದವರು ಯಾವ ಹೊತ್ತಿಗೆ ಓದುತ್ತೀರಿ, ಆಗ ಫೋನ್ ಎಲ್ಲಿಡುತ್ತೀರಿ?

"ಪ್ರಾರ್ಥನೆ ಮಾಡಿ ಬ್ರದರ್" ಅಂತ ಸುಮ್ನೆ ಬರೆಯಬೇಡಿ, ಅದು ನಡೆಯುತ್ತಿದೆ. ನೀವು ದಿನವೂ ಏನು ಮಾಡುತ್ತೀರಿ ಅಂತ ಹೇಳಿ.