ಕ್ಯಾಮೆರಾದಲ್ಲಿ ಕಂಡ ಮನೆಗಳ್ಳತನ: ದೂರು ಕೊಟ್ಟರೂ ಎಫ್‌ಐಆರ್ ಆಗಿಲ್ಲ

ಪ್ರಶ್ನೆ:
ಮೈಸೂರಿನಲ್ಲಿ ಒಬ್ಬರೇ ಇರುವ ನನ್ನ ತಾಯಿಯವರ ಬೀರುವಿನಲ್ಲಿದ್ದ ಎರಡೆಳೆ ಚಿನ್ನದ ಸರ ಕಳೆದ ವಾರ ಕಾಣೆಯಾಯಿತು. ಹಾಲ್‌ನ ಕ್ಯಾಮೆರಾದ ದೃಶ್ಯವನ್ನು ಹಿಂದಕ್ಕೆ ಓಡಿಸಿ ನೋಡಿದಾಗ, ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೊತ್ತಿಗೆ ಮನೆಗೆಲಸದವರು ಕೋಣೆಯೊಳಗೆ ಹೋಗಿ, ನಾಲ್ಕು ನಿಮಿಷದ ಬಳಿಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಬಂದದ್ದು ಕಾಣಿಸುತ್ತದೆ. ಬೀರು ಮಾತ್ರ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಠಾಣೆಯವರು ದೂರಿನ ಪತ್ರ ಇಟ್ಟುಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ, ‘ಕರೆಸಿ ವಿಚಾರಿಸುತ್ತೇವೆ’ ಎಂದರು, ಸ್ವೀಕೃತಿಯನ್ನೂ ಕೊಡಲಿಲ್ಲ. ವಿಡಿಯೊವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಎಂದು ನೆರೆಯವರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ 1 (ವಕೀಲ):
ಗುಂಪಿಗೆ ಖಂಡಿತ ಹಾಕಬೇಡಿ. ನಿಮ್ಮ ವಿಡಿಯೊದಲ್ಲಿರುವುದು ಒಬ್ಬರು ಕೋಣೆಗೆ ಹೋಗಿ ಬಂದ ದೃಶ್ಯವೇ ಹೊರತು ಕಳ್ಳತನವಲ್ಲ. ಸರ ನಾಳೆ ಬೇರೆ ಕಡೆ ಸಿಕ್ಕರೆ ಮಾನನಷ್ಟದ ಆರೋಪಿ ನೀವಾಗುತ್ತೀರಿ.

ಆದರೆ ಅನುಮಾನ ಮಾತ್ರ ಇದೆಯೆಂದು ಪೊಲೀಸರು ಎಫ್‌ಐಆರ್ ತಡೆಯುವಂತಿಲ್ಲ. ವಾಸದ ಮನೆಯೊಳಗಿನ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಲ್ಲಿ, ಕೆಲಸದವರು ಮಾಲೀಕರ ಸೊತ್ತು ಕದ್ದರೆ 306ನೇ ಕಲಮಿನಲ್ಲಿ, ಏಳು ವರ್ಷದವರೆಗೆ ಸೆರೆವಾಸವಿದ್ದು, ಎರಡೂ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧಗಳು. ಇಂಥ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಯ ಅವಕಾಶವನ್ನು ಠಾಣೆಯವರು ಮುಂದಿಟ್ಟರೆ, ಅದು ಶಿಕ್ಷೆ ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳಕ್ಕಿಂತ ಕಡಿಮೆ ಇರುವ ಅಪರಾಧಗಳಿಗೆ ಎಂಬುದನ್ನು ವಿನಯದಿಂದಲೇ ನೆನಪಿಸಿ. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಆಗಲೂ ನಿರಾಕರಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಮೇಲಧಿಕಾರಿಗೆ ಅಂಚೆಯ ಮೂಲಕ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಉತ್ತರ 2 (ನಿವೃತ್ತ ಎಎಸ್‌ಐ):
ವಕೀಲರ ಮಾತು ಸರಿ. ಆದರೆ ಠಾಣೆಯ ಕಡೆಯಿಂದ ನೋಡಿದರೆ ಅನೇಕ ದೂರುಗಳು ಬಿಲ್ಲು, ತೂಕ, ಹಳೆಯ ಫೋಟೊ ಯಾವುದೂ ಇಲ್ಲದೆ ಬರುತ್ತವೆ. ಸರ ಬೀರುವಿನಲ್ಲೇ ಇತ್ತೆಂದು ತೋರಿಸದೆ ವಿಡಿಯೊಕ್ಕೆ ಬಲವಿಲ್ಲ. ತಾಯಿಯವರು ಆ ಸರ ಹಾಕಿಕೊಂಡಿರುವ ಮದುವೆ ಫೋಟೊ ಇದ್ದರೆ ತೆಗೆದುಕೊಂಡು ಹೋಗಿ. ಸರವನ್ನು ಕೊನೆಯದಾಗಿ ಯಾವ ದಿನ ನೋಡಿದಿರಿ, ಬೀಗದ ಕೈ ಎಲ್ಲಿರುತ್ತಿತ್ತು ಎಂಬುದನ್ನು ದೂರಿನಲ್ಲಿ ಬರೆಯಿರಿ. ‘ಇವರೇ ಕದ್ದಿದ್ದಾರೆ’ ಎನ್ನದೆ ‘ಇವರ ಮೇಲೆ ಅನುಮಾನವಿದೆ’ ಎಂದಷ್ಟೇ ಬರೆದರೆ ಸಾಕು. ಠಾಣೆಯವರು ಒಪ್ಪದಿದ್ದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ ಪಡೆಯಿರಿ. ಬಾಯಿಮಾತು ನಾಳೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಇನ್ನೊಂದು ಮಾತು, ಅವರ ಮನೆಗೆ ನೀವೇ ಹೋಗಿ ಪೆಟ್ಟಿಗೆ ತೆಗೆಸುವ ಕೆಲಸ ಬೇಡ. ಹೆದರಿಸಿ ಪಡೆದ ಒಪ್ಪಿಗೆಯಿಂದ ನಿಮ್ಮ ಕೇಸೇ ದುರ್ಬಲವಾಗುತ್ತದೆ.

ಉತ್ತರ 3:
ಮೊದಲು ರೆಕಾರ್ಡಿಂಗ್ ಉಳಿಸಿಕೊಳ್ಳಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಮೆಮೊರಿ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಮೊಬೈಲ್ ಪರದೆಯಿಂದ ತೆಗೆದ ತುಣುಕಲ್ಲ, ಮೂಲ ಕಡತವೇ ಬೇಕು. ಮೆಮೊರಿ ಕಾರ್ಡನ್ನು ತೆಗೆದಿಟ್ಟು ಹೊಸದು ಹಾಕಿ. ನ್ಯಾಯಾಲಯಕ್ಕೆ ಪ್ರತಿಯನ್ನು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅದರಲ್ಲಿ ಹ್ಯಾಶ್ ಮೌಲ್ಯವೂ (ಕಡತ ಬದಲಾಗಿಲ್ಲವೆಂದು ತೋರಿಸುವ, ಕಂಪ್ಯೂಟರ್ ಲೆಕ್ಕಹಾಕಿ ಕೊಡುವ ಗುರುತು) ಬೇಕಾಗುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ ಎಂದೂ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಗಡಿಯಾರ ಹನ್ನೊಂದು ನಿಮಿಷ ಮುಂದಿದೆ. ದೂರಿನಲ್ಲಿ ನಾನು ಬರೆದ ಸಮಯವೂ ಹಾಗಾಗಿ ತಪ್ಪು. ಕಾರ್ಡ್ ತೆಗೆದಿಟ್ಟಿದ್ದೇನೆ. ಸರದ ಬಿಲ್ಲು ಸಿಗಲಿಲ್ಲ, ನನ್ನ ತಂಗಿಯ ಮದುವೆಯ ಆಲ್ಬಮ್‌ನಲ್ಲಿ ಅಮ್ಮ ಅದನ್ನು ಹಾಕಿಕೊಂಡಿರುವ ಫೋಟೊ ಇದೆ. ತಿದ್ದಿದ ದೂರು ಬರೆದುಕೊಂಡು ನಾಳೆ ಬೆಳಿಗ್ಗೆ ಠಾಣೆಗೆ ಹೋಗುತ್ತೇವೆ.