ಅಪ್‌ಡೇಟ್: ತೀರ್ಥಹಳ್ಳಿಯ ಕೇಮನ್ ಎಂಜಿನ್ ನೋಡಿ ಬಂದೆ

ಹಳೆಯ ಪೋರ್ಶೆ ಕೇಮನ್ ಎಸ್, 2007ರ ಮಾದರಿ, ಕೊಳ್ಳುವ ಮೊದಲು ಎಂಜಿನ್‌ನಲ್ಲಿ ಏನೇನು ನೋಡಬೇಕು ಎಂದು ಹೋದ ತಿಂಗಳು ಕೇಳಿದ್ದೆ. ಬಿಸಿ ಎಂಜಿನ್ ದೋಷ ಮುಚ್ಚಿಡಬಹುದು, ತಣ್ಣಗಿರುವಾಗಲೇ ಹೋಗಿ ಎಂದವರಿಗೆ ವಿಶೇಷ ಕೃತಜ್ಞತೆ. "ಸರ್, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮಾಲೀಕರನ್ನು ರಾತ್ರಿಯೇ ಕೇಳಿಕೊಂಡು, ಬೆಳಗಿನ ಜಾವ ಮೆಕ್ಯಾನಿಕ್ ಜೊತೆ ಶಿವಮೊಗ್ಗದಿಂದ ಹೊರಟೆ.

ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದಿಲ್ಲ, ನೀಲಿ ಹೊಗೆಯೂ ಇಲ್ಲ. ಆದರೆ ನನ್ನ ಭಯವಿದ್ದದ್ದು ಸಿಲಿಂಡರ್ ಗೋಡೆಯ ಗೀರುಗಳದ್ದು. ಈ 3.4 ಲೀಟರ್ ಎಂಜಿನ್‌ಗೆ ಅದು ಗೊತ್ತಿರುವ ಕಾಯಿಲೆ. ಗೀರು ಹೆಚ್ಚಾಗಿ ಕೆಳಭಾಗದಲ್ಲಿ ಬೀಳುವುದರಿಂದ ಸ್ಪಾರ್ಕ್ ಪ್ಲಗ್ ರಂಧ್ರದಿಂದ ಇಣುಕಿದರೆ ಸಾಲದು. ಮಾಲೀಕರ ಒಪ್ಪಿಗೆ ಪಡೆದು ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಆಯಿಲ್ ಸಂಪ್ ಬಿಚ್ಚಿ, ಕೆಳಗಿನಿಂದಲೂ ಕ್ಯಾಮೆರಾ ತೂರಿಸಿದೆವು. ಆರೂ ಗೋಡೆಗಳು ನುಣ್ಣಗಿದ್ದವು!

ಆಯಿಲ್ ಫಿಲ್ಟರ್‌ನ ಕಾಗದವನ್ನು ಕತ್ತರಿಸಿ ಬಿಸಿಲಿಗೆ ಹಿಡಿದು ಮಡಿಕೆ ಮಡಿಕೆಯಾಗಿ ಬಿಡಿಸಿದೆವು. ಒಳಗಿನ ಭಾಗ ಸವೆದರೆ ಸಿಗುವ ಲೋಹದ ಮಿನುಗು ಕಾಣಲಿಲ್ಲ. ಇಂಟರ್‌ಮೀಡಿಯೇಟ್ ಶಾಫ್ಟ್ (ಕ್ರ್ಯಾಂಕ್‌ಶಾಫ್ಟ್‌ನ ತಿರುಗುವಿಕೆಯನ್ನು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳಿಗೆ ದಾಟಿಸುವ ದಂಡ) ಬೇರಿಂಗ್ ಬದಲಿಸಿ ಎಂದು ಕೆಲವರು ಹೇಳಿದ್ದಿರಿ. 2007ರ ಈ ಎಂಜಿನ್‌ನಲ್ಲಿ ಬೇರಿಂಗ್ ಹಳೆಯವುಗಳಿಗಿಂತ ದೊಡ್ಡದು, ಗಟ್ಟಿಯಾದದ್ದು. ಎಂಜಿನ್ ಪೂರ್ತಿ ಬಿಚ್ಚದೆ ಅದನ್ನು ಹೊರತೆಗೆಯಲಾಗದು. 2009ರ ಮಾದರಿಯಿಂದ ಆ ಶಾಫ್ಟೇ ಇಲ್ಲ.

ಯಾರೂ ಹೇಳದಿದ್ದ ತೊಂದರೆಯೊಂದು ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿತ್ತು. ಮಳೆಗಾಲವಿಡೀ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದ್ದ ಕಾರಿನೊಳಗೆ ಇಲಿ ಅಡಿಕೆ ಸಿಪ್ಪೆಯ ಗೂಡು ಕಟ್ಟಿ, ಪಕ್ಕದ ಸೆನ್ಸರ್ ತಂತಿಯನ್ನೂ ಕಡಿದಿತ್ತು. ಮಲೆನಾಡಿನಲ್ಲಿ ಕಾರು ಕೊಳ್ಳುವವರು ದಯವಿಟ್ಟು ಆ ಮುಚ್ಚಳ ತೆರೆದು ನೋಡಿ. ತಂತಿಯ ಖರ್ಚನ್ನು ಮಾಲೀಕರೇ ಬೆಲೆಯಲ್ಲಿ ಇಳಿಸಿದರು. ಮುಂಗಡ ಕೊಟ್ಟು ಬಂದಿದ್ದೇನೆ. ಸೋಮವಾರ ಆರ್‌ಟಿಒ ಕೆಲಸ.