ಮೊಳೆ ಸೂಜಿ ಬಿಡಲ್ಲ, ಬೋರಿನ ಸ್ಟಾರ್ಟರ್ ಮಾತ್ರ ಕರೆಂಟ್ ಹೋದ ಕೂಡಲೇ ಬಿಡುತ್ತದೆ. ಯಾಕೆ?

ಘಟಪ್ರಭಾ ದಂಡೆ (ಮುಧೋಳ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಪ್ರಾಜೆಕ್ಟ್‌ಗೆ ಅಂತ ವಿದ್ಯುತ್ಕಾಂತ ಮಾಡುತ್ತಿದ್ದಾಳೆ. ಸಾಮಾನು ಇಷ್ಟೇ: ನಾಲ್ಕು ಇಂಚಿನ ಮೊಳೆ, ವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿ, ಒಂದು ಟಾರ್ಚ್ ಸೆಲ್. ತಂತಿಯ ತುದಿ ಕೆರೆದು ಸೆಲ್‌ಗೆ ಹಿಡಿದರೆ ಗುಂಡುಸೂಜಿ ಎತ್ತುತ್ತದೆ. ಸೆಲ್ ತೆಗೆದ ಮೇಲೂ ಎರಡು ಮೂರು ಸೂಜಿ ಮೊಳೆಗೇ ಅಂಟಿಕೊಂಡಿರುತ್ತವೆ. ಕರೆಂಟ್ ನಿಂತರೆ ಕಾಂತಶಕ್ತಿ ಹೋಗುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ.

ಹೊಲಕ್ಕೆ ಬಂದವಳು ಬೋರಿನ ಸ್ಟಾರ್ಟರ್ ನೋಡಿ, "ಅಪ್ಪಾ, ಇದರಾಗೂ ಕಾಯಿಲ್ ಐತಿ ಅಂತೀಯಲ್ಲ, ಮತ್ತ ಇದು ಹೆಂಗ ಟಪ್ ಅಂತ ಬಿಡ್ತೈತಿ?" ಅಂದಳು. ನನಗೆ ಉತ್ತರ ಗೊತ್ತಿಲ್ಲ.

ಅವಳ ಬೇರೆ ಪ್ರಶ್ನೆಗಳನ್ನೂ ಇಲ್ಲೇ ಹಾಕುತ್ತೇನೆ. ಸ್ಟಾರ್ಟರ್ ಯಾವಾಗಲೂ ಗುಂಯ್ ಅನ್ನುತ್ತದೆ, ಮೊಳೆ ಸುಮ್ಮನಿರುತ್ತದೆ. ಸುತ್ತು ದುಪ್ಪಟ್ಟು ಮಾಡಿದರೂ ಸೂಜಿ ದುಪ್ಪಟ್ಟು ಎತ್ತಲಿಲ್ಲ. ಇನ್ನೊಂದು, ಹಳೆ ಸ್ಟಾರ್ಟರಿನ ಕಾಯಿಲ್ ಬಿಚ್ಚಿ 9 ವೋಲ್ಟ್ ಬ್ಯಾಟರಿಗೆ ಹಚ್ಚಿದ್ದಳು. ಹಚ್ಚುವಾಗ ಏನೂ ಇಲ್ಲ, ತೆಗೆಯುವಾಗ ಕೈಗೆ ಜುಮ್ ಅಂತ ಹೊಡೆಯಿತಂತೆ. 9 ವೋಲ್ಟ್‌ಗೆ ಶಾಕ್ ಹೊಡೆಯುತ್ತಾ?

ಜಮಖಂಡಿ ವೈಂಡರ್:

ಅಣ್ಣಾರ, ಮೊದಲು ಆ ತಂಗಿಗೆ ಶಾಬಾಸ್ ಹೇಳಿ. ನಾನು ಬೋರಿನ ಮೋಟಾರ್ ವೈಂಡಿಂಗ್ ಮಾಡುವವನು. ಕಬ್ಬಿನ ಸೀಮೆ ಇದು, ಬೇಸಿಗೆ ಬಂದರೆ ಅಂಗಡಿ ಮುಂದೆ ಸುಟ್ಟ ಮೋಟಾರ್ ಸಾಲು ನಿಂತಿರುತ್ತವೆ. ಸ್ಟಾರ್ಟರ್ ಬಿಚ್ಚುವುದು ನನಗೆ ದಿನದ ಕೆಲಸ. ಆದರೆ ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾವ ಗಿರಾಕಿಯೂ ಕೇಳಿಲ್ಲ.

ಮೊಳೆ ಯಾಕೆ ಬಿಡಲ್ಲ? ಕಬ್ಬಿಣದ ಒಳಗೆ ಸಣ್ಣ ಸಣ್ಣ ಭಾಗಗಳಿವೆ, ಒಂದೊಂದೂ ಒಂದು ಪುಟ್ಟ ಕಾಂತ. ಕರೆಂಟ್ ಹರಿದಾಗ ಎಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಕರೆಂಟ್ ನಿಂತಾಗ ಮೆದು ಕಬ್ಬಿಣವಾದರೆ ಮತ್ತೆ ಅಡ್ಡಾದಿಡ್ಡಿ ಆಗುತ್ತವೆ. ಮೊಳೆಯದು ಹಾಗಲ್ಲ. ತಂತಿಯನ್ನು ತಣ್ಣಗಿರುವಾಗಲೇ ಎಳೆದು, ತಲೆ ಜಜ್ಜಿ ಮಾಡಿದ ಮಾಲು ಅದು. ಹಾಗೆ ಪೆಟ್ಟು ತಿಂದ ಕಬ್ಬಿಣ ಗಡುಸಾಗುತ್ತದೆ. ಒಳಗಿನ ಭಾಗಗಳು ತಿರುಗಿದ ಕಡೆಯೇ ಸ್ವಲ್ಪ ಸಿಕ್ಕಿಕೊಳ್ಳುತ್ತವೆ. ನಿಮ್ಮ ಸೂಜಿ ಹಿಡಿದಿರುವುದು ಅದೇ ಉಳಿಕೆ ಕಾಂತ.

ಕರೆಂಟ್ ಇರುವವರೆಗೆ ಸ್ಟಾರ್ಟರನ್ನು ಹಿಡಿದಿಡುವ ಕಾಯಿಲ್‌ಗೆ ನೋ-ವೋಲ್ಟ್ ಕಾಯಿಲ್ ಅಂತಾರೆ. ಅದರ ಒಳಗೆ ಗಟ್ಟಿ ಕಬ್ಬಿಣದ ತುಂಡು ಇರಲ್ಲ. ಸಿಲಿಕಾನ್ ಸೇರಿಸಿದ ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ನಾವು ಸ್ಟಾಂಪಿಂಗ್ ಅಂತೀವಿ. ಈ ಉಕ್ಕು ಕಾಂತಶಕ್ತಿಯನ್ನು ಸುಲಭವಾಗಿ ಹಿಡಿಯುತ್ತದೆ, ಅಷ್ಟೇ ಸುಲಭವಾಗಿ ಬಿಡುತ್ತದೆ. ಹಾಳೆ ಹಾಳೆ ಮಾಡಿರುವುದು ಬೇರೆ ಕಾರಣಕ್ಕೆ. ಎಸಿ ಕರೆಂಟ್‌ನಲ್ಲಿ ಕಾಂತಕ್ಷೇತ್ರ ಬದಲಾಗುತ್ತಲೇ ಇರುವುದರಿಂದ ಗಟ್ಟಿ ಕಬ್ಬಿಣದ ಒಳಗೂ ಸುಳಿ ಕರೆಂಟ್ ಹುಟ್ಟಿ ಅದು ಕಾಯುತ್ತದೆ. ಹಾಳೆ ಮಾಡಿದರೆ ಆ ಸುಳಿಗೆ ದಾರಿ ಸಿಗಲ್ಲ.

ಅಷ್ಟು ಮೆದು ಉಕ್ಕಾದರೂ ಒಂಚೂರು ಉಳಿಕೆ ಇದ್ದೇ ಇರುತ್ತದೆ. ಅದಕ್ಕೊಂದು ಉಪಾಯವಿದೆ. ಸ್ಟಾಂಪಿಂಗ್ ಇಂಗ್ಲಿಷಿನ 'ಇ' ಅಕ್ಷರದ ಆಕಾರದಲ್ಲಿರುತ್ತದೆ ನೋಡಿ. ಅದರ ನಡುವಿನ ಕಾಲನ್ನು ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. ಸ್ಟಾರ್ಟರ್ ಎಳೆದುಕೊಂಡಾಗ ಎದುರಿನ ಚಲಿಸುವ ತುಂಡಿಗೆ ಆಚೀಚೆ ಕಾಲು ತಾಗುತ್ತವೆ, ನಡುವಿನದು ತಾಗಲ್ಲ. ಆ ಗಾಳಿಯ ಸಂದಿ ಇರುವುದರಿಂದಲೇ ಕರೆಂಟ್ ಹೋದಾಗ ಉಳಿಕೆ ಕಾಂತದ ಬಲ ಸಾಲದೆ, ಆ ತುಂಡನ್ನು ಬಿಡಿಸುವ ಸ್ಪ್ರಿಂಗ್ ಗೆಲ್ಲುತ್ತದೆ. ತುಕ್ಕು ತೆಗೆಯುತ್ತೇವೆ ಅಂತ ಆಚೀಚೆ ಕಾಲಿಗೆ ಅರ ಹಾಕಿ ತಿಕ್ಕುವ ಜಾಣರಿದ್ದಾರೆ. ಸಂದಿ ಮುಚ್ಚಿಹೋಗುತ್ತದೆ. ಆಮೇಲೆ ಕೆಂಪು ಬಟನ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ದಯವಿಟ್ಟು ಅರ ಹಾಕಬೇಡಿ, ಗ್ರೀಸ್ ಅಂತೂ ಮೊದಲೇ ಬೇಡ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೇನ್ ತೆಗೆದ ಮೇಲೆ, ಅದನ್ನು ಬೇರೆ ಹೇಳಬೇಕಾ.

ಗುಂಯ್ ಸದ್ದು. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಸೊನ್ನೆಗೆ ಬಂದಾಗೆಲ್ಲ ಹಿಡಿತ ಸಡಿಲ, ಮತ್ತೆ ಬಿಗಿ. ಸಡಿಲವಾದಾಗ ಪೂರ್ತಿ ಬಿಟ್ಟುಬಿಡಬಾರದು ಅಂತ ಸ್ಟಾಂಪಿಂಗಿನ ಮುಖದಲ್ಲಿ ಒಂದು ತಾಮ್ರದ ರಿಂಗ್ ಕೂರಿಸಿರುತ್ತಾರೆ. ಆ ರಿಂಗಿಗೆ ಯಾವ ವೈರೂ ಇಲ್ಲ. ಬದಲಾಗುವ ಕಾಂತಕ್ಷೇತ್ರದಿಂದ ಅದರಲ್ಲಿ ತಾನೇ ಕರೆಂಟ್ ಹುಟ್ಟುತ್ತದೆ, ಹಾಗಾಗಿ ರಿಂಗಿನ ಒಳಗಿನ ಕಾಂತಕ್ಷೇತ್ರ ಸ್ವಲ್ಪ ತಡವಾಗಿ ಏರಿಳಿಯುತ್ತದೆ. ಉಳಿದ ಭಾಗ ಸೊನ್ನೆಯಲ್ಲಿದ್ದಾಗ ಇದು ಹಿಡಿದಿರುತ್ತದೆ. ಸಣ್ಣ ಗುಂಯ್ ಇದ್ದರೆ ಚಿಂತೆ ಇಲ್ಲ. ಕಟಕಟ ಅಂತ ಬಡಿದುಕೊಂಡರೆ ರಿಂಗ್ ಬಿರುಕು ಬಿಟ್ಟಿದೆ, ಇಲ್ಲವೇ ನಡುವೆ ಕಸ ಕೂತಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ. ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ. ಎಸಿ ಕರೆಂಟಿಗೆ ಕಾಯಿಲ್ ತಾನೇ ಅಡ್ಡ ನಿಲ್ಲುತ್ತದೆ, ಆದರೆ ಕಬ್ಬಿಣ ಪೂರ್ತಿ ಮುಚ್ಚಿಕೊಂಡರೆ ಮಾತ್ರ ಆ ಅಡ್ಡಿ ಜೋರು. ಅರ್ಧ ಮುಚ್ಚಿ ಬಡಿದಾಡುತ್ತಿದ್ದರೆ ಕರೆಂಟ್ ಮಿತಿ ಮೀರಿ ಹರಿಯುತ್ತದೆ. ಮೊಳೆಗೆ ಕೊಟ್ಟಿರುವುದು ಸೆಲ್ಲಿನ ಡಿಸಿ. ಅದು ಏರಿಳಿಯಲ್ಲ, ಸದ್ದೂ ಇಲ್ಲ.

ಕೇಳದೇ ಇದ್ದರೂ ಒಂದು ಮಾತು. ನೋ-ವೋಲ್ಟ್ ಕಾಯಿಲ್ ಇರುವುದೇ ಕರೆಂಟ್ ಹೋಗಿ ಬಂದಾಗ ಮೋಟಾರ್ ತಾನಾಗಿ ಶುರುವಾಗಬಾರದು ಅಂತ. ನಮ್ಮವರು ರಾತ್ರಿ ಪಾಳಿಗೆ ಏಳಲು ಬೇಜಾರಾಗಿ ಹಸಿರು ಬಟನ್‌ಗೆ ಕಡ್ಡಿ ಸಿಗಿಸಿ ಮಲಗುತ್ತಾರೆ. ಇನ್ನೊಂದು, ಆ ಕಾಯಿಲ್ ಸಾಮಾನ್ಯವಾಗಿ ಮೂರರಲ್ಲಿ ಎರಡೇ ಫೇಸ್‌ಗೆ ಸೇರಿರುತ್ತದೆ. ಮೂರನೇ ಫೇಸ್ ಹೋದರೆ ಅದಕ್ಕೆ ಗೊತ್ತೇ ಆಗಲ್ಲ, ಹಿಡಿದೇ ಇರುತ್ತದೆ. ಮೋಟಾರ್ ಎರಡೇ ಫೇಸಲ್ಲಿ ಒದ್ದಾಡಿ ಸುಡುತ್ತದೆ. ಒಂದು ಫೇಸ್ ಹೋದರೂ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿ ಅಂತ ಹೇಳಿ ಹೇಳಿ ಸಾಕಾಗಿದೆ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ, ಆದರೂ ಹೇಳುತ್ತೇನೆ.

ಪ್ರಾಜೆಕ್ಟ್‌ಗೆ: ಮೊಳೆ ಬಿಡಿ. ಮನೆ ಕಟ್ಟುವವರು ಸರಳು ಬಿಗಿಯುವ ಬೈಂಡಿಂಗ್ ವೈರ್ ಇದೆಯಲ್ಲ, ಅದನ್ನು ಮೊಳೆಯಷ್ಟು ಉದ್ದಕ್ಕೆ ಕತ್ತರಿಸಿ ಕಟ್ಟು ಮಾಡಿ. ಕಾಯಿಸಿ ಮೆದು ಮಾಡಿದ ಕಬ್ಬಿಣ ಅದು. ಮೊಳೆಯೇ ಬೇಕು ಅಂದರೆ ಕಂಬಾರರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನ ಆರಲು ಬಿಡಿ. ನೀರಿಗೆ ಅದ್ದಬೇಡಿ. ಬೆಳ್ಳಗೆ ಸತುವು ಹಚ್ಚಿದ ಮೊಳೆ ಕಾಯಿಸಬೇಡಿ, ಹೊಗೆ ಒಳ್ಳೆಯದಲ್ಲ.

ಗೋಕಾಕ ಅಕ್ಕೋರು:

ಜಮಖಂಡಿ ಅಣ್ಣಾರು ಹೇಳಿದ್ದನ್ನು ನನ್ನ ಕ್ಲಾಸಿನಲ್ಲೂ ಓದಿ ಹೇಳುತ್ತೇನೆ. ಸುತ್ತು ಮತ್ತು ಶಾಕ್ ಬಗ್ಗೆ ನಾನು ಬರೆಯುತ್ತೇನೆ.

ಕಾಂತದ ಬಲ ಸುತ್ತುಗಳ ಮೇಲೆ ಮಾತ್ರ ನಿಂತಿಲ್ಲ. ಸುತ್ತುಗಳ ಸಂಖ್ಯೆಯನ್ನು ಕರೆಂಟಿನಿಂದ ಗುಣಿಸಿ ನೋಡಬೇಕು. ಸುತ್ತು ದುಪ್ಪಟ್ಟು ಮಾಡಿದಾಗ ತಂತಿಯ ಉದ್ದವೂ ದುಪ್ಪಟ್ಟು, ಅದರ ರೋಧವೂ ದುಪ್ಪಟ್ಟು. ಸೆಲ್ ಅದೇ 1.5 ವೋಲ್ಟ್. ಕರೆಂಟ್ ಅರ್ಧಕ್ಕೆ ಇಳಿಯಿತು ಅಂದರೆ ಗುಣಿಸಿದರೆ ಬರುವುದು ಹಳೆಯ ಲೆಕ್ಕವೇ. ಸೆಲ್ಲಿನ ಒಳಗೂ ಒಂದಿಷ್ಟು ರೋಧ ಇರುವುದರಿಂದ ಸ್ವಲ್ಪ ಲಾಭ ಸಿಗುತ್ತದೆ, ದುಪ್ಪಟ್ಟು ಸಿಗಲ್ಲ. ದಪ್ಪ ತಂತಿ ಹಾಕಿ ನೋಡಲಿ.

ಈ ತೊಡಕು ಹಳೆಯದು. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ಲಾಳದಂತೆ ಬಗ್ಗಿಸಿದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಬರಿ ತಂತಿ ಸುತ್ತಿ ವಿದ್ಯುತ್ಕಾಂತ ತೋರಿಸಿದ. ಸುಮಾರು 200 ಗ್ರಾಂ ತೂಕದ ಅದು 4 ಕೆಜಿ ಎತ್ತಿತು. ತಂತಿ ಬರಿಯದಾದ್ದರಿಂದ ಸುತ್ತುಗಳನ್ನು ಒಂದಕ್ಕೊಂದು ತಾಗಿಸುವಂತಿರಲಿಲ್ಲ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿದ. ಆಗ ಪದರದ ಮೇಲೆ ಪದರ ಸುತ್ತಬಹುದಾಯಿತು. ಉದ್ದ ತಂತಿಯ ರೋಧಕ್ಕೂ ಅವನು ದಾರಿ ಹುಡುಕಿದ. ಒಂದೇ ಉದ್ದ ಸುರುಳಿಯ ಬದಲು ಹಲವು ಗಿಡ್ಡ ಸುರುಳಿ ಮಾಡಿ, ಎಲ್ಲವನ್ನೂ ಬ್ಯಾಟರಿಗೆ ಸಮಾಂತರವಾಗಿ ಜೋಡಿಸಿದ. 1831ರಲ್ಲಿ ಅವನು ಮಾಡಿದ ಕಾಂತ 900 ಕೆಜಿಗಿಂತ ಹೆಚ್ಚು ಭಾರ ಹೊತ್ತಿತು. ನಿಮ್ಮ ಮಗಳು ಇದನ್ನೇ ಮಾಡಬಹುದು. ಎರಡು ಸುರುಳಿಯೂ ಒಂದೇ ದಿಕ್ಕಿಗೆ ಸುತ್ತಿರಬೇಕು, ಇಲ್ಲವಾದರೆ ಒಂದು ಇನ್ನೊಂದನ್ನು ಅಳಿಸುತ್ತದೆ.

ಶಾಕ್ ಹೊಡೆದದ್ದು ನಿಜವೇ. ಆದರೆ ಅದು ಬ್ಯಾಟರಿಯ 9 ವೋಲ್ಟ್ ಅಲ್ಲ. ಸ್ಟಾರ್ಟರ್ ಕಾಯಿಲ್‌ನಲ್ಲಿ ಸಣ್ಣ ತಂತಿಯ ಸಾವಿರಾರು ಸುತ್ತು ಇರುತ್ತವೆ. ಕರೆಂಟ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ನಿಂತಿರುತ್ತದೆ. ತಂತಿ ಕಿತ್ತ ಕ್ಷಣ ಆ ಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಬದಲಾವಣೆ ಎಷ್ಟು ಜೋರೋ ಹುಟ್ಟುವ ವೋಲ್ಟೇಜ್ ಅಷ್ಟು ಜಾಸ್ತಿ. 1831ರಲ್ಲಿ ಫ್ಯಾರಡೆ ಕಂಡದ್ದು ಇದೇ ನಿಯಮ. ಕ್ಷಣಮಾತ್ರಕ್ಕೆ ಅದು ನೂರಾರು ವೋಲ್ಟ್‌ಗೆ ಹೋಗಬಹುದು. ಉದ್ದ ತಂತಿ ಬಿಡಿಸುವಾಗ ಕಿಡಿ ಹಾರುವುದನ್ನು ಹೆನ್ರಿಯೂ ಗಮನಿಸಿ 1832ರಲ್ಲಿ ಬರೆದಿದ್ದ. ಕಾಯಿಲ್‌ನ ಈ ಗುಣವನ್ನು ಅಳೆಯುವ ಏಕಮಾನಕ್ಕೆ ಅವನದೇ ಹೆಸರಿದೆ.

ಆ ಕಾಯಿಲ್ ಬಿಡಿಸುವಾಗ ಎರಡು ತುದಿಯನ್ನೂ ಬರಿಗೈಯಲ್ಲಿ ಹಿಡಿಯಬಾರದು ಅಂತ ಹೇಳಿ.

ಘಟಪ್ರಭಾ ದಂಡೆ:

ಇಬ್ಬರಿಗೂ ಧನ್ಯವಾದ. ಬೈಂಡಿಂಗ್ ವೈರಿನ ಕಟ್ಟು ಮಾಡಿ ನೋಡಿದಳು. ಸೆಲ್ ತೆಗೆದರೆ ಸೂಜಿ ಎಲ್ಲ ಉದುರುತ್ತವೆ, ಒಂದೊಂದು ಸಲ ಒಂದು ಉಳಿದರೂ ಬೆರಳಿಂದ ತಟ್ಟಿದರೆ ಬೀಳುತ್ತದೆ. ಈಗ ಸೆಲ್ ಬೇಗ ಖಾಲಿಯಾಗುತ್ತದೆ ಅಂತ ಮೊಬೈಲ್ ಚಾರ್ಜರ್ ಹಚ್ಚಲಾ ಅಂತ ಕೇಳುತ್ತಿದ್ದಾಳೆ.

ಜಮಖಂಡಿ ವೈಂಡರ್:

ಬೇಡವೇ ಬೇಡ. ಅಷ್ಟು ಗಿಡ್ಡ ತಂತಿಯ ರೋಧ ಒಂದು ಓಮ್ ಕೂಡ ಇರಲ್ಲ. ಚಾರ್ಜರ್‌ಗೆ ಅದು ಶಾರ್ಟ್ ಮಾಡಿದ ಹಾಗೆಯೇ. ಸೆಲ್ಲೇ ಇರಲಿ, ದೊಡ್ಡ ಸೈಜಿನದು ತನ್ನಿ. ನಡುವೆ ಒಂದು ಬೆಲ್ ಸ್ವಿಚ್ ಹಾಕಿಕೊಳ್ಳಲಿ, ಒತ್ತಿದಾಗ ಮಾತ್ರ ಕರೆಂಟ್ ಹರಿಯುತ್ತದೆ, ತಂತಿಯೂ ಕಾಯಲ್ಲ. ಶಾಲೆಯಲ್ಲಿ ತೋರಿಸಲು ಸುಟ್ಟ ಸ್ಟಾರ್ಟರಿನ ಸ್ಟಾಂಪಿಂಗ್, ರಿಂಗ್ ಬೇಕಾದರೆ ಅಂಗಡಿಗೆ ಕಳಿಸಿ, ಗುಜರಿ ಡಬ್ಬಿಯಲ್ಲಿ ಬೇಕಾದಷ್ಟಿವೆ.